ಪಿತೃಪಕ್ಷದಲ್ಲಿ ಒಂದು ಪೂರ್ವಪಕ್ಷ

"ಅಮಾಸೆ ದಿನ ಗ್ರಹಣ ಅಂತಲ್ಲ ಕಣವ್ವ, ಎಡೆ ಇಕ್ಬೋದಾ?"

ಅವ್ವ ಊರಿಂದ ಫೋನ್ ಮಾಡಿ ಕೇಳಿದ್ದು ಇದೊಂದೇ. 2025ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ ಬಂದಿತ್ತು. ಆ ದಿನ ಪಾರ್ಶ್ವ ಸೂರ್ಯಗ್ರಹಣ ಇದ್ದದ್ದು ನಿಜ. ಪಕ್ಷ ಶುರುವಾಗಿದ್ದೂ ಗ್ರಹಣದಿಂದಲೇ, 7ನೇ ತಾರೀಖು ರಾತ್ರಿ ಚಂದ್ರ ಪೂರ್ತಿ ಕೆಂಪಾಗಿದ್ದ. ಎರಡು ವಾರದಲ್ಲಿ ಎರಡು ಗ್ರಹಣ ಅಂದರೆ ಟಿವಿಯವರಿಗೆ ಬೇರೆ ಹಬ್ಬ ಬೇಕಾ?

"ಅದು ನ್ಯೂಜಿಲೆಂಡ್ ಕಡೆ ಕಾಣೋದು ಅವ್ವ. ನಮಗೆ ಆಗ ರಾತ್ರಿ. ಸೂರ್ಯಾನೇ ಇರಲ್ಲ."

"ಅಂಗಾರೆ ಅವ್ರೇ ನೋಡ್ಕಳ್ಲಿ ಬುಡು" ಅಂದು ಫೋನ್ ಇಟ್ಟಳು.

ಈ ಥರದ ಪ್ರಶ್ನೆಗಳಿಗೆ ನಮ್ಮ ಮನೇಲಿ ಉತ್ತರ ಹೇಳುತ್ತಿದ್ದವನು ಅಪ್ಪ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ ಅಂಕೋಲಾ ಕಡೆಯಿಂದ ರಾಯಚೂರಿನ ಕಡೆಗೆ ಹಾದು ಹೋಯಿತಲ್ಲ, ಮಂಡ್ಯ ಸೀಮೆಯಲ್ಲಿ ಅದು ಪಾರ್ಶ್ವ ಗ್ರಹಣ. ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಅಪ್ಪ ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಕಚ್ಚಿಟ್ಟ ದೋಸೆಯಂಥ ಸೂರ್ಯನನ್ನು ಗೋಡೆ ಮೇಲೆ ಬೀಳಿಸಿ ಹುಡುಗರಿಗೆ ತೋರಿಸಿದ್ದನಂತೆ. ಜೇಬಿನಿಂದ ಕಡಲೆಕಾಯಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ತಿಂದನಂತೆ. ನಮ್ಮಜ್ಜಿ ಅವತ್ತು ಕೂತು ಅತ್ತಿದ್ದಳಂತೆ. ನಾನಿನ್ನೂ ಹುಟ್ಟಿರಲಿಲ್ಲ.

ಅಪ್ಪನಿಗೆ ದೇವರು ಅಂತ ಯಾರಾದರೂ ಇದ್ದರೆ ಅದು ಎಚ್. ನರಸಿಂಹಯ್ಯನವರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಅವರು ಒಂದು ಸಮಿತಿ ಮಾಡಿದ್ದರು. ಕೈ ಬೀಸಿ ಉಂಗುರ, ವಿಭೂತಿ ಕೊಡುವವರು ಒಂದು ಕುಂಬಳಕಾಯಿ ಕೊಟ್ಟು ತೋರಿಸಲಿ ಅನ್ನೋದು ಅವರ ಹೆಸರಾದ ಸವಾಲು. ಕುಂಬಳಕಾಯಿಯನ್ನು ತೋಳಿನೊಳಗೆ ಬಚ್ಚಿಡೋಕೆ ಆಗಲ್ಲವಲ್ಲ. ಪಕ್ಷದ ಹಬ್ಬಕ್ಕೆ ಹೆಂಗೂ ಕುಂಬಳಕಾಯಿ ಪಲ್ಯ ಆಗಬೇಕು. ಅಪ್ಪ ಸಂತೆಯಿಂದ ಕಾಯಿ ತಂದು ಅವ್ವನ ಮುಂದೆ ಉರುಳಿಸಿ, "ತಗೋ, ಪವಾಡ" ಅನ್ನುತ್ತಿದ್ದ. ಪ್ರತಿ ವರ್ಷ. ಅವ್ವ ಒಂದು ಸಲವೂ ನಗಲಿಲ್ಲ.

ನಮ್ಮ ಕಡೆ ಪಕ್ಷದ ಹಬ್ಬ ಅಂದರೆ ಪುರೋಹಿತರು ಬಂದು ಎಳ್ಳು ನೀರು ಬಿಡಿಸುವ ಹಬ್ಬ ಅಲ್ಲ. ಎಡೆ ಇಡುವ ಹಬ್ಬ. ಗೋಡೆಗೆ ಫೋಟೋ ಒರಗಿಸಿ, ಕಳಸ ಇಟ್ಟು, ಹೊಸ ಬಟ್ಟೆ ಮಡಿಸಿಟ್ಟು, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆ ಮೇಲೆ ಬಡಿಸುತ್ತೇವೆ. ಒಡೆ, ಕಜ್ಜಾಯ, ಪಾಯಸ, ಮುದ್ದೆ, ನಾಟಿ ಕೋಳಿ ಸಾರು. ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್. ಎಲೆ ಅಡಿಕೆ. ಆಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಅಡ್ಡ ಬೀಳುತ್ತೇವೆ. ಕೊನೆಗೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಹಿರಿಯರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಉಣ್ಣುತ್ತಾ ಕೂತವರಿಗೆ ಗಾಬರಿ ಆಗಬಾರದಲ್ವಾ.

ಇದನ್ನೆಲ್ಲ ಅಪ್ಪ ನಂಬುತ್ತಿರಲಿಲ್ಲ. ಆದರೆ ಹಿರೀ ಮಗ, ಅವನೇ ಮುಂದೆ ನಿಲ್ಲಬೇಕು. ನಮ್ಮ ತಾತನಿಗೆ ಬೀಡಿ ಅಂದರೆ ಪ್ರಾಣ. ಎಡೆಗೆ ಒಂದು ಕಟ್ಟು ಬೀಡಿ ಇಟ್ಟು ಒಂದನ್ನು ಹಚ್ಚಿ ಇಡುವುದು ರೂಢಿ. ಅಪ್ಪ ಜನ್ಮದಲ್ಲಿ ಬೀಡಿ ಸೇದಿದವನಲ್ಲ. ವರ್ಷಕ್ಕೆ ಒಂದೇ ಒಂದು ಸಲ, ಆ ದಿನ, ಬೀಡಿಯನ್ನು ತುಟಿಗಿಟ್ಟು, ಕಡ್ಡಿ ಗೀರಿ, ಒಂದು ದಮ್ಮು ಎಳೆದು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿ, ಅದನ್ನು ಎಲೆಯ ಅಂಚಿಗೆ ಇಡುತ್ತಿದ್ದ. "ಹಚ್ಚದೆ ಇಟ್ರೆ ಆಗಲ್ವೇನಪ್ಪ?" ಅಂತ ಒಂದು ಸಲ ಕೇಳಿದ್ದೆ. "ನಮ್ಮಪ್ಪಂಗೆ ಬೆಂಕಿಪೊಟ್ಟಣ ಹುಡುಕಿ ಅಭ್ಯಾಸ ಇಲ್ಲ, ಯಾವಾಗಲೂ ನಾನೇ ಹಚ್ಚಿಕೊಡ್ತಿದ್ದೆ" ಅಂದ. ಆ ಕೆಮ್ಮಿನಿಂದ ಬಂದ ನೀರೋ ಬೇರೆಯದೋ ನಾನು ಕೇಳಲಿಲ್ಲ.

ಹೊರಗೆ ಬಂದ ಮೇಲೆ ಮತ್ತೆ ಅವನ ತಮಾಷೆ ಶುರು. ನಾನು ಆಗ ಬೆಂಗಳೂರಿನ ಪಿಜಿಯಲ್ಲಿದ್ದೆ. "ನಿನ್ ಮಗಳು ಅಲ್ಲಿ ಅನ್ನ ಸಾರು ಸರಿಯಾಗಿ ಕಾಣದೆ ಒಣಗ್ತಾವಳೆ. ಇಲ್ಲೇ ಅವಳ ಹೆಸರಿಗೂ ಒಂದು ಎಡೆ ಇಡು. ಸತ್ತೋರಿಗೆ ಮುಟ್ಟೋದು ಬದುಕಿರೋಳಿಗೆ ಮುಟ್ಟಲ್ವಾ?" ಅನ್ನುತ್ತಿದ್ದ. ಇದು ಅಪ್ಪನದೇ ಸ್ವಂತ ಮಾತು ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ವರ್ಷ ಮನೇಲಿ ಹಬ್ಬ ಮಾಡಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಸುಮ್ನೆ ವಾಲ್ಮೀಕಿ ರಾಮಾಯಣದ ಅನುವಾದ ಓದುತ್ತಾ ಕೂರುತ್ತಿದ್ದೆ. ಅಯೋಧ್ಯಾಕಾಂಡದಲ್ಲಿ ಜಾಬಾಲಿ ಸಿಕ್ಕಿದ. ರಾಮನನ್ನು ಕಾಡಿನಿಂದ ವಾಪಸ್ ಕರೆಯೋಕೆ ಭರತನ ಜೊತೆ ಬಂದ ಬ್ರಾಹ್ಮಣ. ಅವನು ರಾಮನಿಗೆ ಹೇಳುವುದೇನು ಗೊತ್ತಾ? ಜನ ಅಷ್ಟಕಾ ಅಂತ, ಪಿತೃಗಳಿಗೆ ಅಂತ ಊಟ ಇಡುತ್ತಾರಲ್ಲ, ಎಷ್ಟು ಅನ್ನ ಹಾಳು ನೋಡು, ಸತ್ತವನು ಏನು ತಿಂದಾನು? ಇಲ್ಲಿ ಒಬ್ಬ ಉಂಡದ್ದು ಇನ್ನೊಬ್ಬನ ಹೊಟ್ಟೆ ಸೇರುವುದಾದರೆ, ದೂರ ಪ್ರಯಾಣ ಹೋದವನ ಹೆಸರಲ್ಲೂ ಶ್ರಾದ್ಧ ಮಾಡಿಬಿಡಲಿ, ಅವನು ಬುತ್ತಿ ಹೊರುವುದು ತಪ್ಪುತ್ತದೆ!

ರಾತ್ರಿ ಒಂದು ಗಂಟೆಗೆ ಜೋರಾಗಿ ನಕ್ಕೆ. ಗಂಡ ಎದ್ದು ಬಂದು ಏನಾಯಿತು ಅಂದ. ಅಪ್ಪ ಸಿಕ್ಕಿದ ಅಂದೆ.

ಆಮೇಲೆ ಹುಡುಕುತ್ತಾ ಹೋದರೆ ಇದೇ ಮಾತು ಇನ್ನೊಂದು ಕಡೆಯೂ ಇದೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದ ಮಾಧವಾಚಾರ್ಯರು (ಉಡುಪಿಯ ಮಧ್ವರಲ್ಲ) ಎಲ್ಲ ದರ್ಶನಗಳನ್ನೂ ಒಂದೆಡೆ ಸೇರಿಸಿ 'ಸರ್ವದರ್ಶನ ಸಂಗ್ರಹ' ಬರೆದರು. ಮೊದಲನೇ ಅಧ್ಯಾಯವೇ ದೇವರು, ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರದ್ದು. ಅಲ್ಲಿ ಚಾರ್ವಾಕ ಕೇಳುತ್ತಾನೆ: ಇಲ್ಲಿ ಕೊಟ್ಟದ್ದು ಸ್ವರ್ಗದಲ್ಲಿರುವವರಿಗೆ ಮುಟ್ಟುತ್ತದೆ ಅನ್ನೋದಾದರೆ, ಮಹಡಿ ಮೇಲೆ ಕೂತವನಿಗೆ ಯಾಕೆ ಕೆಳಗಡೆಯೇ ಬಡಿಸಿಬಿಡಬಾರದು? ಇದನ್ನು ಬರೆದಿಟ್ಟವರು ಚಾರ್ವಾಕರಲ್ಲ. ಅದನ್ನು ಒಪ್ಪದ ವೇದಾಂತಿ. ನನಗೆ ಇದು ದೊಡ್ಡದಾಗಿ ಕಂಡಿತು. ಎದುರಾಳಿ ಹೇಳುವುದನ್ನು ಮೊದಲು ಇಟ್ಟು ಆಮೇಲೆ ತನ್ನ ಮಾತು ಹೇಳುವುದಕ್ಕೆ ನಮ್ಮಲ್ಲಿ ಹೆಸರೇ ಇದೆಯಲ್ಲ, ಪೂರ್ವಪಕ್ಷ ಅಂತ. ಪಿತೃಪಕ್ಷದ ದಿನ ನಮ್ಮ ಮನೇಲಿ ಪೂರ್ವಪಕ್ಷ ನಡೆಸುತ್ತಿದ್ದವನು ಅಪ್ಪ. ಸಂಪ್ರದಾಯ ಮುರಿಯುತ್ತಿದ್ದೇನೆ ಅಂದುಕೊಂಡು ಅವನು ಸಂಪ್ರದಾಯದ ಒಳಗೇ ಕೂತಿದ್ದ. ಇದನ್ನು ಹೇಳಿದ್ದರೆ ಚೆನ್ನಾಗಿ ಜಗಳ ಆಡುತ್ತಿದ್ದ.

ಜಾಬಾಲಿ ಮಾತಿಗೆ ರಾಮ ಸಿಟ್ಟಾಗುತ್ತಾನೆ, ಚೆನ್ನಾಗಿಯೇ ಬೈಯುತ್ತಾನೆ. ಅದಕ್ಕೆ ಮುಂಚೆ ನಡೆದದ್ದನ್ನು ನೋಡಬೇಕು. ದಶರಥ ಸತ್ತ ಸುದ್ದಿ ರಾಮನಿಗೆ ಗೊತ್ತಾಗಿದ್ದೇ ಭರತ ಬಂದ ಮೇಲೆ. ಮಂದಾಕಿನಿ ನದಿಗೆ ಇಳಿದು ನೀರು ಬಿಟ್ಟು, ಇಂಗುದಿ ಕಾಯಿಯ ಹಿಂಡಿಗೆ ಎಲಚಿ ಹಣ್ಣು ಕಲಸಿ ದರ್ಭೆ ಮೇಲೆ ಪಿಂಡ ಇಡುತ್ತಾನೆ. "ನಾವು ಈಗ ತಿನ್ನುವುದು ಇದನ್ನೇ, ನೀನೂ ಇದನ್ನೇ ತಿನ್ನಪ್ಪ. ಮನುಷ್ಯ ಏನು ಉಣ್ಣುತ್ತಾನೋ ಅವನ ದೇವತೆಗಳೂ ಅದನ್ನೇ ಉಣ್ಣುತ್ತಾರೆ" ಅನ್ನುವ ಅರ್ಥದ ಮಾತು ಅಲ್ಲಿ ಬರುತ್ತದೆ. ಆಮೇಲೆ ಕೌಸಲ್ಯೆ ಆ ಹಿಂಡಿ ಪಿಂಡವನ್ನು ನೋಡಿ, ರಾಜನಂಥ ರಾಜನಿಗೆ ಇಂಥಾ ಊಟವಾ ಅಂತ ಅಳುತ್ತಾಳೆ. ಕೋಳಿ ಸಾರು ಮುದ್ದೆ ಇಡುವ ನಮ್ಮ ಎಡೆಯನ್ನು ಯಾರಾದರೂ ಹೀಗಳೆದರೆ ನನಗೆ ಈ ಸಾಲು ಸಾಕು.

ಆ ಹಿಂಡಿ ಪಿಂಡ ಇಟ್ಟವನ ಮುಂದೆ ಜಾಬಾಲಿ, ಸತ್ತವನು ತಿಂತಾನಾ ಅಂದ. ರಾಮ ಉತ್ತರ ಕೊಡುವುದು ಸತ್ಯ, ಧರ್ಮ ಅಂತಲೇ. ನನಗೆ ಮಾತ್ರ ಅಲ್ಲಿ ಅಪ್ಪನನ್ನು ಕಳಕೊಂಡ ಮಗನೇ ಜಾಸ್ತಿ ಕಾಣುತ್ತಾನೆ. ವಾದ ಸರಿಯೋ ತಪ್ಪೋ ಆಮೇಲಿನ ಮಾತು, ಹೊತ್ತು ಸರಿಯಿರಲಿಲ್ಲ.

ಈ ಹೊತ್ತು ನೋಡುವ ಬುದ್ಧಿ ಎರಡೂ ಕಡೆಯವರಿಗೂ ಕಮ್ಮಿ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಸಂಬಂಧಿಕರೊಬ್ಬರು ಬಂದು, ದೇವರನ್ನು ಆಡಿಕೊಂಡರೆ ಇಂಗೇ ಆಗೋದು ಅಂತ ಅವ್ವನ ಮುಖದ ಮೇಲೇ ಅಂದು ಹೋದರು. ಹನ್ನೊಂದನೇ ದಿನ ಅಪ್ಪನ ಗೆಳೆಯರೊಬ್ಬರು ಬಂದರು, ವಿಚಾರವಂತರು, "ಮೇಷ್ಟ್ರು ಇದ್ದಿದ್ದರೆ ಇದನ್ನೆಲ್ಲ ಒಪ್ಪುತ್ತಿರಲಿಲ್ಲ" ಅಂದರು. ಅವ್ವ ಇಬ್ಬರಿಗೂ ಕಾಫಿ ಕೊಟ್ಟಳು. ಇಬ್ಬರ ಮಾತೂ ಅವಳಿಗೆ ಒಂದೇ ಕಡೆ ಚುಚ್ಚಿತ್ತು.

ಬೂದಿಯ ವಿಷಯಕ್ಕೂ ಹೀಗೇ ಆಯಿತು. "ನನ್ನ ಬೂದಿ ತೆಂಗಿನ ಬುಡಕ್ಕೆ ಹಾಕಿ, ನಾಲ್ಕು ಕಾಯಿ ಜಾಸ್ತಿ ಬಿಡುತ್ತೆ" ಅಂತ ಅಪ್ಪ ಹೇಳಿದ್ದ. ಅವ್ವನಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೇ ಆಗಬೇಕು. ತಮ್ಮ ಒಂದು ದಾರಿ ಹುಡುಕಿದ. ಅಪ್ಪನಿಗೆ ನೆಹರೂ ಅಂದರೆ ಇಷ್ಟ. ನೆಹರೂ 1954ರಲ್ಲಿ ಬರೆದ ಉಯಿಲಿನಲ್ಲಿ, ನನಗೆ ಯಾವ ಧಾರ್ಮಿಕ ವಿಧಿಯೂ ಬೇಡ ಅಂದರು. ಒಂದು ಹಿಡಿ ಬೂದಿಯನ್ನು ಮಾತ್ರ ಅಲಹಾಬಾದಿನಲ್ಲಿ ಗಂಗೆಗೆ ಬಿಡಿ, ಅದೂ ಧರ್ಮದ ಕಾರಣಕ್ಕಲ್ಲ, ಚಿಕ್ಕಂದಿನಿಂದ ಆ ನದಿಯ ಮೇಲಿರುವ ಪ್ರೀತಿಗೆ ಅಂತ ಬರೆದರು. ಉಳಿದದ್ದನ್ನು ವಿಮಾನದಿಂದ ಹೊಲಗಳ ಮೇಲೆ ಚೆಲ್ಲೋಕೆ ಹೇಳಿದರು. ನಾವೂ ಹಾಗೇ ಮಾಡಿದೆವು, ವಿಮಾನ ಒಂದು ಇರಲಿಲ್ಲ. ಮುಕ್ಕಾಲು ಪಾಲು ತೆಂಗಿನ ಬುಡಕ್ಕೆ. ಒಂದು ಹಿಡಿ ಕಾವೇರಿಗೆ, ಅವಳು ಪಡುವಣಕ್ಕೆ ತಿರುಗುವ ಜಾಗದಲ್ಲಿ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನೂ ಅಲ್ಲೇ ಬಿಟ್ಟಿದ್ದರು, ಸ್ಮಾರಕ ಇದೆ. ದಡದಲ್ಲಿ ಬಿಟ್ಟುಹೋದ ಬಟ್ಟೆ, ಪ್ಲಾಸ್ಟಿಕ್ಕು ರಾಶಿ ರಾಶಿ ಬಿದ್ದಿರುತ್ತವೆ. ಅದನ್ನು ನೋಡಿದ್ದರೆ ಅಪ್ಪ ಮಾತ್ರ ಅಲ್ಲ, ಗಾಂಧಿಯೂ ಪೊರಕೆ ಹುಡುಕುತ್ತಿದ್ದರು.

ಮಾರನೇ ವರ್ಷದಿಂದ ಎಡೆ ಶುರುವಾಯಿತು. ನಂಬದವನಿಗೆ ಎಡೆ ಇಡುವುದು ಹೇಗೆ? ಈ ಪ್ರಶ್ನೆ ನನ್ನದು. ಅವ್ವನಿಗೆ ಇದು ಪ್ರಶ್ನೆಯೇ ಅಲ್ಲ. ಅವಳಿಗೆ ಇದ್ದ ಚಿಂತೆ ಬೇರೆ, ಕಜ್ಜಾಯ ಎಷ್ಟು ಇಡಬೇಕು ಅಂತ. ಕೊನೇ ಹನ್ನೆರಡು ವರ್ಷ ಅಪ್ಪನಿಗೆ ಶುಗರ್. ಕಜ್ಜಾಯದ ಡಬ್ಬಿಯನ್ನು ಅವ್ವ ಅಟ್ಟದ ಮೇಲೆ ಬಚ್ಚಿಡುತ್ತಿದ್ದಳು, ಅವನು ಹತ್ತಿ ಕದಿಯುತ್ತಿದ್ದ, ದಿನಾ ಜಗಳ. ಈಗ ಎಲೆ ಮೇಲೆ ಒಂದರ ಮೇಲೊಂದು ಆರು ಜೋಡಿಸಿದಳು. "ಇನ್ನೇನು ಶುಗರ್ರು, ತಿನ್ಲಿ" ಅಂದಳು. ಆಮೇಲೆ ಒಳಗೆ ಹೋಗಿ ಅವತ್ತಿನ ಪೇಪರ್ ತಂದು ನಾಲ್ಕು ಮಡಿಕೆ ಮಾಡಿ ಇಟ್ಟಳು. ಅದರ ಮೇಲೆ ಅವನ ಕನ್ನಡಕ. ಎಡಗಡೆ ಕಡ್ಡಿಗೆ ಅವನೇ ಸುತ್ತಿದ್ದ ತಾಮ್ರದ ತಂತಿ ಹಾಗೇ ಇತ್ತು. "ಕನ್ನಡ್ಕ ಇಲ್ದೆ ಏನು ಓದ್ತಾರೆ ನಿಮ್ಮಪ್ಪಾರು?"

ಸಾಂಬ್ರಾಣಿ ಹಾಕುವಾಗ ನನಗೆ ಏನಾಗುತ್ತದೆ ಅಂತ ಹೇಳಲೇಬೇಕು. ಹೊಗೆ ಮೇಲೆದ್ದು ಫೋಟೋ ಮುಚ್ಚಿಹೋಗುತ್ತದೆ. ಅಡ್ಡ ಬಿದ್ದಾಗ ಹಣೆಗೆ ರೆಡ್‌ಆಕ್ಸೈಡ್ ನೆಲ ತಣ್ಣಗೆ ತಾಗುತ್ತದೆ. ಆ ಹೊತ್ತಲ್ಲಿ ನಾನು ಅಪ್ಪನ ಹತ್ತಿರ ಮಾತಾಡುತ್ತೇನೆ. ಮಗನಿಗೆ ಗಣಿತ ಹತ್ತುತ್ತಿಲ್ಲ ಅಂತ, ತೆಂಗಿಗೆ ನುಸಿ ಬಿದ್ದಿದೆ ಅಂತ. ಕೇಳಿಸಿಕೊಳ್ಳುತ್ತಾನೆ ಅಂತ ನನಗೆ ಗೊತ್ತಾ? ಇಲ್ಲ. ಕೇಳಿಸಿಕೊಳ್ಳಲ್ಲ ಅಂತ ಗೊತ್ತಾ? ಅದೂ ಇಲ್ಲ. ಏಳುವಾಗ ಮಾತ್ರ ಯಾವ ದೇವಸ್ಥಾನದಲ್ಲೂ ಆಗದಷ್ಟು ಹಗುರ ಆಗಿರುತ್ತೇನೆ. ದೇವರ ಮುಂದೆ ನಿಂತಾಗ ನನ್ನ ಮನಸ್ಸು ಚಪ್ಪಲಿ ಬಿಟ್ಟ ಜಾಗಕ್ಕೆ ಓಡುತ್ತದೆ. ಇಲ್ಲಿ ಎಲ್ಲಿಗೂ ಓಡಲ್ಲ.

ಆಮೇಲೆ ಬಾಗಿಲು ಹಾಕಿದೆವು.

ಜಗಲಿ ಮೇಲೆ ಎಲ್ಲರೂ ಸುಮ್ಮನೆ ಕೂತಿದ್ದೆವು. ತಮ್ಮ ಹೆಂಚಿನ ಮೇಲೆ ಕಾಗೆಗೆ ಎಡೆ ಇಟ್ಟು ಬಂದ. ಆ ಹೊತ್ತಲ್ಲಿ ನನಗೆ ನಚಿಕೇತನ ನೆನಪು ಬರುತ್ತದೆ. ಕಠೋಪನಿಷತ್ತಿನ ಹುಡುಗ. ಅಪ್ಪ ಬತ್ತಿಹೋದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದಾನೆ. ಹುಡುಗ, ನನ್ನನ್ನು ಯಾರಿಗೆ ಕೊಡುತ್ತೀಯ ಅಂತ ಬಿಡದೆ ಕೇಳುತ್ತಾನೆ. ರೇಗಿಹೋದ ಅಪ್ಪ, ಯಮನಿಗೆ ಕೊಟ್ಟೆ ಹೋಗು ಅಂತಾನೆ. ಹೋಗಿ ನೋಡಿದರೆ ಯಮ ಮನೇಲಿಲ್ಲ. ಮೂರು ರಾತ್ರಿ ಊಟ ಇಲ್ಲದೆ ಹುಡುಗ ಕಾಯುತ್ತಾನೆ. ನಾವು ಒಳಗೆ ಊಟ ಇಟ್ಟು ಹೊರಗೆ ಕಾಯುತ್ತೇವೆ. ಅವನು ಸಾವಿನ ಮನೆಯಲ್ಲೇ ಹಸಿದು ಕಾದ.

ಮನೆಗೆ ಬಂದ ಅತಿಥಿಯನ್ನು ಉಪವಾಸ ಕೆಡವಿದ್ದಕ್ಕೆ ಯಮ ಮೂರು ವರ ಕೊಡುತ್ತಾನೆ. ಎಲ್ಲರೂ ಮೂರನೇ ವರದ ಬಗ್ಗೆ ಮಾತಾಡುತ್ತಾರೆ: ಸತ್ತ ಮೇಲೆ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ ಹೇಳು. ಅದಕ್ಕೆ ಯಮ ಮೊದಲು ಕೊಡುವ ಉತ್ತರ ನನಗೆ ಇಷ್ಟ. ದೇವತೆಗಳಿಗೇ ಹಿಂದೆ ಇದರಲ್ಲಿ ಅನುಮಾನ ಇತ್ತು, ಬೇರೆ ಏನಾದರೂ ಕೇಳಪ್ಪ ಅಂತಾನೆ. ಸಾವಿನ ಯಜಮಾನನೇ ಹಾಗಂದ ಮೇಲೆ ಮಂಡ್ಯದ ಒಬ್ಬ ಮೇಷ್ಟ್ರಿಗೆ ಅನುಮಾನ ಬಂದರೆ ಅದರಲ್ಲಿ ಪಾಪ ಏನು? ಆದರೆ ಈಚೆಗೆ ನನ್ನನ್ನು ಹಿಡಿದಿರುವುದು ಮೊದಲನೇ ವರ. ಅಷ್ಟು ದೊಡ್ಡ ಪ್ರಶ್ನೆ ಹೊಟ್ಟೆಯಲ್ಲಿ ಇಟ್ಟುಕೊಂಡ ಹುಡುಗ ಮೊದಲು ಕೇಳಿದ್ದು ಅದನ್ನಲ್ಲ. ನಮ್ಮಪ್ಪನ ಸಿಟ್ಟು ಇಳಿಯಲಿ, ನಾನು ವಾಪಸ್ ಹೋದಾಗ ನನ್ನ ಗುರುತು ಹಿಡಿದು ಮಾತಾಡಿಸಲಿ, ಇಷ್ಟೇ. ಬಾಗಿಲ ಈಚೆ ಕೂತಾಗ ನಾನೂ ಕೇಳುವುದು ಹೆಚ್ಚು ಕಮ್ಮಿ ಅದನ್ನೇ.

ನನ್ನ ಮಗನಿಗೆ ಹನ್ನೊಂದು ವರ್ಷ. ಅವನ ಪ್ರಶ್ನೆ ಬೇರೆ ಇತ್ತು. ಬೆಳಿಗ್ಗೆಯೇ ಅಜ್ಜಿಯ ಹಿಂದೆ ಬಿದ್ದಿದ್ದ: "ಅಜ್ಜಿ, ತಾತ ತಿಂದರೆ ತೂಕ ಕಮ್ಮಿ ಆಗಬೇಕಲ್ವಾ?" ತಮ್ಮನ ಹೆಂಡತಿ ಕೇಕ್ ಮಾಡೋಕೆ ಇಟ್ಟುಕೊಂಡಿದ್ದ ಡಿಜಿಟಲ್ ತಕ್ಕಡಿ ಅಡುಗೆಮನೇಲಿತ್ತು. ನಾನು ಗದರಿಸೋಕೆ ಹೋದೆ. ಅವ್ವ ತಡೆದಳು. "ತೂಗ್ಲಿ ಬುಡು. ತಾತನ್ ಬುದ್ಧಿ ಎಲ್ಲೋಯ್ತದೆ. ಕೈ ತೊಳ್ಕಂಡು ತೂಗ್ಲಾ." ಒಲೆಯಿಂದ ಇಳಿಸಿ ಕಟ್ಟಿದ ಮುದ್ದೆಯನ್ನು ಸ್ಟೀಲ್ ತಟ್ಟೆ ಸಮೇತ ತೂಗಿದ. 318 ಗ್ರಾಂ. ಪೇಪರಿನ ಅಂಚಿನಲ್ಲಿ ಬರೆದಿಟ್ಟ. ತಟ್ಟೆ ಹಾಗೇ ಎಡೆಗೆ ಹೋಯಿತು.

ಕಾಲು ಗಂಟೆ ಆಯಿತು. ತಮ್ಮ ಎದ್ದು ಕೆಮ್ಮಿದ, ಮೂರು ಸಲ ಬಾಗಿಲು ತಟ್ಟಿದ. ಒಳಗೆ ಹೊಗೆ ತುಂಬಿಕೊಂಡಿತ್ತು. ದೀಪ ಸಣ್ಣಗೆ ಉರಿಯುತ್ತಿತ್ತು. ಕಜ್ಜಾಯ ಆರೂ ಇದ್ದವು, ನಾನು ಎಣಿಸಿದೆ, ಸುಳ್ಳು ಯಾಕೆ ಹೇಳಲಿ. ಮಗ ಸೀದಾ ಮುದ್ದೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಓಡಿದ.

"313! ಅಜ್ಜಿ, ತಾತ ಐದು ಗ್ರಾಂ ತಿಂದಿದ್ದಾರೆ!"

ಎಲ್ಲರೂ ಅಲ್ಲಿಗೇ ಹೋಗಿ ಬಗ್ಗಿ ನೋಡಿದೆವು. ಹೌದು, 313. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಮುಖ ನಿಧಾನಕ್ಕೆ ಇಳಿಯಿತು. ಅವನಿಗೇ ಹೊಳೆದಿತ್ತು. "ಅಲ್ಲ... ಹಬೆ. ಬಿಸಿ ಇತ್ತಲ್ಲ, ನೀರು ಆವಿಯಾಗಿ ಹೋಗಿರೋದು" ಅಂದ. ಅಪ್ಪ ಇದ್ದಿದ್ದರೆ ಅವನ ಬೆನ್ನು ತಟ್ಟುತ್ತಿದ್ದದ್ದು ಇಲ್ಲಿ.

"ಊಂ ಮತ್ತೆ" ಅಂದಳು ಅವ್ವ, ಇದರಲ್ಲೇನು ವಿಶೇಷ ಅನ್ನುವ ಹಾಗೆ. "ಅವ್ರು ಉಣ್ಣೋದು ಹಬೇನೇ ಅಲ್ವೇನ್ಲಾ. ಗಟ್ಟಿ ಮುದ್ದೆ ನುಂಗೋಕೆ ಗಂಟ್ಲು ಎಲ್ಲದೆ ಅವ್ರಿಗೆ?"

ಅನ್ನ ಬಿಸಿ ಇರುವಷ್ಟು ಹೊತ್ತು ಪಿತೃಗಳು ಉಣ್ಣುತ್ತಾರೆ ಅಂತ ಮನುಸ್ಮೃತಿಯ ಶ್ರಾದ್ಧದ ಭಾಗದಲ್ಲಿ ಬರುತ್ತದೆ. ಅವ್ವ ಅದನ್ನು ಓದಿಲ್ಲ. ಅವಳಿಗೆ ಓದೋಕೇ ಬರಲ್ಲ.

ಅವಳು ಒಳಗೆ ಹೋಗಿ ಪೇಪರಿನ ಮೇಲಿದ್ದ ಕನ್ನಡಕ ಎತ್ತಿಕೊಂಡಳು. ಸಾಂಬ್ರಾಣಿ ಹೊಗೆ ಕೂತು ಗಾಜು ಮಸುಕಾಗಿತ್ತು. ಬಾಯಿಂದ ಹಾ ಅಂತ ಊದಿ, ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ಹಾಕಿದಳು.

"ಇನ್ನೈದು ಗ್ರಾಂ ಕಮ್ಮಿ ಆಗೋಕ್ ಮುಂಚೆ ಎಲ್ಲಾ ಕೂತ್ಕಳಿ ಉಣ್ಣೋಕೆ" ಅಂದಳು.